ಮೂರನೇ ಪುಟದ ಘಾಟು

ಹಸಿ ಶುಂಠಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದಾಗ ಬರುವ ವಾಸನೆ ನನ್ನ ಬಾಲ್ಯದ ಬೆಳಗಿನ ವಾಸನೆ. ಹಾಗಂತ ನಮ್ಮ ಮನೆಯಲ್ಲಿ ಬೆಳಗ್ಗೆ ಬೆಳಗ್ಗೆ ಯಾರೂ ಶುಂಠಿ ಜಜ್ಜುತ್ತಿರಲಿಲ್ಲ. ಅಪ್ಪ ನಡುಮನೆಯಲ್ಲಿ ಕೂತು ‘ಬೆಳಗಿನ ಮಾತು’ ಪತ್ರಿಕೆ ಬಿಡಿಸುತ್ತಿದ್ದರು, ಅಷ್ಟೇ. ಆಗಿನ ಸಂಪಾದಕರು ಚುರುಕು ಮನುಷ್ಯ, ಸ್ವಲ್ಪ ಖಾರ, ಆದರೆ ಯಾರ ಕೇಡನ್ನೂ ಬಯಸಿದವರಲ್ಲ. ಅವರು ಬರೆದ ಮೊದಲ ಪುಟ ಮನೆಯೆಲ್ಲ ಶುಂಠಿಯಾಗಿ ಹರಡುತ್ತಿತ್ತು. ಅಮ್ಮ ಅಡುಗೆಮನೆಯಿಂದಲೇ “ಇವತ್ತು ಯಾರಿಗೋ ಚೆನ್ನಾಗಿ ಬಿದ್ದಿದೆ” ಅನ್ನುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡು ಪುಟ ತಿರುಗಿಸುತ್ತಿದ್ದರು. ಎರಡನೇ ಪುಟದಲ್ಲಿ ಏಲಕ್ಕಿ ಮಿತಿಮೀರಿದ ಪಾಯಸದ ವಾಸನೆ ಬಂದರೆ ಅಲ್ಲಿ ಯಾರೋ ಯಾರನ್ನೋ ಹೊಗಳಿ ಕೆಲಸ ಮಾಡಿಸಿಕೊಳ್ಳುತ್ತಿದ್ದಾರೆ ಎಂದು ಅರ್ಥ. ಅಪ್ಪ ಮೂಗು ಸಿಂಡರಿಸಿ ಮೂರನೇ ಪುಟಕ್ಕೆ ಹೋಗುತ್ತಿದ್ದರು.

ನಮ್ಮೂರಿನಲ್ಲಿ ಬರೆದವರ ಮನಸ್ಸು ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಸಿಟ್ಟಾದರೆ ಒಲೆಗೆ ಬಿದ್ದ ಒಣಮೆಣಸಿನಕಾಯಿ. ಹೊಟ್ಟೆಕಿಚ್ಚಾದರೆ ಹುಳಿ ಬಂದ ಮಜ್ಜಿಗೆ. ದುಃಖವಾದರೆ ತಣ್ಣಗಾದ ಬೂದಿ. ಸರ್ಕಾರಿ ಪ್ರಕಟಣೆಗಳಿಗೆ ವಾಸನೆಯೇ ಇಲ್ಲ. ತೀರಾ ಹತ್ತಿರ ಹಿಡಿದರೆ ಒದ್ದೆ ಸ್ಲೇಟಿನ ಹಾಗೆ ಒಂದಿಷ್ಟು ಬಂದಂತಾಗುತ್ತದೆ. ಚುನಾವಣೆಯ ಕಾಲದಲ್ಲಿ ಪೇಪರನ್ನು ಒಳಗೆ ತರದೆ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಬಿಡುತ್ತೇವೆ. ಗಂಡಿನ ಕಡೆಯಿಂದ ಪತ್ರ ಬಂದರೆ ಮೊದಲು ಹೋಗುವುದು ಅಜ್ಜಿಯ ಕೈಗೆ. ನೆಗಡಿಯಾದವರು ಪಕ್ಕದ ಮನೆಗೆ ಪೇಪರ್ ಹಿಡಿದುಕೊಂಡು ಹೋಗಿ, “ಒಂಚೂರು ಮೂಸಿಕೊಡ್ತೀರಾ?” ಅಂತ ಕೇಳುತ್ತಾರೆ, ಯಾರೂ ಇಲ್ಲ ಅನ್ನುವುದಿಲ್ಲ. ಇದರಿಂದ ಆದ ಒಂದೇ ತೊಂದರೆಯೆಂದರೆ ನಮ್ಮೂರಿನಲ್ಲಿ ಪತ್ರಿಕೆಯನ್ನು ಯಾರೂ ಓದುವುದಿಲ್ಲ. ಓದುವುದು ಪರೀಕ್ಷೆಗೆ ಅಂತ ಎಲ್ಲರೂ ಅಂದುಕೊಂಡುಬಿಟ್ಟಿದ್ದಾರೆ. ಮೂಸಿದ ಮೇಲೆ ಮತ್ತೆ ಓದುವುದೇನು, ಊಟವಾದ ಮೇಲೆ ಯಾರಾದರೂ ಅಕ್ಕಿ ಆರಿಸುತ್ತಾರೆಯೇ?

ಪತ್ರಿಕೆಯಲ್ಲಿ ಯಾರನ್ನಾದರೂ ಟೀಕಿಸಿ ಲೇಖನ ಬಂದರೆ ಅದಕ್ಕೆ ಹೆಸರು ಹಾಕುವ ಪದ್ಧತಿಯಿಲ್ಲ. ಟೀಕೆಗೆ ಗುರಿಯಾದವರು ಬೇಕಾದರೆ ಮೂಗಿನ ಕಟ್ಟೆ ಕರೆಯಬಹುದು. ಹಳೆಯ ಕುದುರೆ ಲಾಯದ ಜಗಲಿಯ ಮೇಲೆ ಮೂರು ಜನ ಮೂಗಿನವರು ಕೂತು, ಲೇಖನವನ್ನು ಮೂಸಿ, ಬರೆದವರ ಮನಸ್ಸಿನಲ್ಲಿ ಇದ್ದದ್ದು ಒಳಿತೋ ಕೇಡೋ ಹೇಳಬೇಕು. ಕೇಡು ಅಂತಾದರೆ ಸಂಪಾದಕರು ಬರೆದವರ ಹೆಸರು ಹೇಳಬೇಕು, ಆಮೇಲೆ ವರ್ಷ ತಿರುಗುವ ತನಕ ಅವರಿಗೆ ಊರಿನ ಯಾವ ಮನೆಯಲ್ಲೂ ಯಾವ ಹೋಟೆಲಿನಲ್ಲೂ ಅನ್ನವಿಲ್ಲ. ಒಳಿತು ಅಂತಾದರೆ ಟೀಕೆಗೊಳಗಾದವರು ಎಲ್ಲರೆದುರು ನಿಂತು “ಒಪ್ಪಿದೆ” ಅನ್ನಬೇಕು. ಹಿಂದೊಮ್ಮೆ ಕೇಡು ಅಂತ ತೀರ್ಪಾಗಿ ಒಬ್ಬಾತ ಬರೀ ಸೀಬೆಹಣ್ಣು ತಿಂದುಕೊಂಡು ಮಳೆಗಾಲದ ತನಕ ತಡೆದು, ಕಡೆಗೆ ಊರು ಬಿಟ್ಟದ್ದನ್ನು ನಾನೇ ನೋಡಿದ್ದೇನೆ.

ಆ ಮೂವರಲ್ಲಿ ನಾನೂ ಒಬ್ಬಳು. ನನ್ನ ಅತ್ತೆ ಹೆಸರಾಂತ ಮೂಗಿನವರಾಗಿದ್ದರು. ಅವರ ನಂತರ ನನ್ನ ಹೆಸರು ಬಂದಾಗ ಕೆಲವರು ತಕರಾರು ತೆಗೆದರು: “ಕಮಲಾಕ್ಷಮ್ಮ ಬಿ.ಎ. ಓದಿದೋರು. ಓದಿದೋರ ಮೂಗು ಅಕ್ಷರದ ಕಡೆಗೇ ಹೋಗುತ್ತೆ.” ಇನ್ನಿಬ್ಬರಲ್ಲಿ ಗೌಸ್ ಸಾಹೇಬರದು ಅತ್ತರಿನ ಅಂಗಡಿ, ಅವರ ಮೂಗಿಗೆ ಎದುರಿಲ್ಲ. ಬೋರಲಿಂಗಯ್ಯನವರದು ವಂಶಪಾರಂಪರ್ಯದ ಸ್ಥಾನ. ಅವರು ಬುದ್ಧಿ ಬಂದಾಗಿನಿಂದ ನಶ್ಯ ಏರಿಸಿ ಏರಿಸಿ ಆ ಮೂಗಿನಲ್ಲಿ ಏನು ಉಳಿದಿದೆಯೋ ದೇವರಿಗೇ ಗೊತ್ತು. ಆದರೆ ಅವರ ತಂದೆಯ ಮೂಗು ಅಂಥದಿತ್ತಂತೆ, ಅದರ ಮೇಲಿನ ಗೌರವಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಈ ಸಲದ ಗಲಾಟೆ ಶುರುವಾದದ್ದು ಮುದ್ದಕ್ಕನ ಊಟದ ಮನೆಯಿಂದ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಹಸಿರು ಬಾಗಿಲಿನ ಉದ್ದನೆಯ ಮನೆ. ಬಸ್ಸಿನವರು, ಆಸ್ಪತ್ರೆಯ ನರ್ಸುಗಳು, ಹೆಂಡತಿ ತವರಿಗೆ ಹೋದವರು, ಹೆಂಡತಿಯೇ ಇಲ್ಲದವರು ಎಲ್ಲರಿಗೂ ಅಲ್ಲೇ ಊಟ. ಮುದ್ದಕ್ಕ ತಾನೇ ಒಲೆಯ ಮುಂದೆ ಕೂತು ಬೇಯಿಸಿ, ತಾನೇ ಪಂಕ್ತಿಯ ನಡುವೆ ಓಡಾಡಿ ಬಡಿಸುತ್ತಿದ್ದಳು. ಕಳೆದ ವರ್ಷ ಇಬ್ಬರು ಅಡುಗೆಯವರನ್ನು ಇಟ್ಟುಕೊಂಡಳು. ಬಾಗಿಲ ಬಳಿ ಸ್ಟೀಲಿನ ಕೌಂಟರ್ ಬಂತು, ಕೌಂಟರಿನ ಹಿಂದೆ ಒಂದು ತಿರುಗುವ ಕುರ್ಚಿ ಬಂತು. ಊರಿನಲ್ಲಿ ಅಂಥ ಕುರ್ಚಿ ಇದ್ದದ್ದು ಅದೊಂದೇ. ಮುದ್ದಕ್ಕ ಅದರಲ್ಲಿ ಕೂತು ಊಟದ ಚೀಟಿ ಹರಿದು ಕೊಡಲು ಶುರುಮಾಡಿದಳು.

ಒಂದು ಗುರುವಾರ ಬೆಳಿಗ್ಗೆ ಅವಳು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಕೈಯಲ್ಲಿ ‘ಬೆಳಗಿನ ಮಾತು’. “ಮೂರನೇ ಪುಟ ಮೂಸಿ ಅಮ್ಮಾರೆ. ನನ್ನ ಸುಟ್ಟುಹಾಕಿದಾರೆ.” ನಾನು ಪೇಪರಿಗೆ ಮೂಗು ಹಚ್ಚಿದೆ. ಏನೂ ಇಲ್ಲ. ಗೋಡೆ ಮೂಸಿದ ಹಾಗೆ. ಎರಡು ದಿನದಿಂದ ನೆಗಡಿ, ಮೂಗು ಕಲ್ಲುಕಟ್ಟಿತ್ತು. “ನನಗೆ ಶೀತ ಕಣೆ ಮುದ್ದಕ್ಕ, ಏನೂ ತಿಳೀತಿಲ್ಲ.” “ತಿಳಿಯೋದೇನು ಬಂತು? ಬಾಗಿಲು ತೆಗೆಯೋ ಅಷ್ಟರಲ್ಲಿ ನಮ್ಮ ಅಡುಗೆ ಭಟ್ಟನಿಗೆ ಕೆಮ್ಮು ಹತ್ತಿಕೊಳ್ತು. ಮೆಣಸಿನಕಾಯಿ ಅಂದ್ರೆ ಮೆಣಸಿನಕಾಯಿ! ನಾನು ಯಾರಿಗೆ ಏನು ಮಾಡಿದ್ದೆ?” “ಒಳಗೆ ಏನು ಬರೆದಿದೆ?” ಅಂದೆ. ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. “ಅದನ್ನ್ಯಾಕೆ ನೋಡ್ಲಿ? ಕಟ್ಟೆ ಕರೀರಿ. ಕೇಡು ಅಂತ ಹೇಳಿ, ಆ ಮನುಷ್ಯನ ಹೆಸರು ಹೊರಗೆ ಬರಲಿ. ಅಕಸ್ಮಾತ್ ಒಳಿತು ಅಂತ ನೀವೇನಾದ್ರೂ ಅಂದ್ರೆ, ನಾನಂತೂ ಎಲ್ಲರ ಮುಂದೆ ನಿಂತು ಒಪ್ಪಿದೆ ಅನ್ನಲ್ಲ. ಅವತ್ತೇ ಒಲೆ ಆರಿಸಿ ಬಾಗಿಲು ಹಾಕ್ತೀನಿ.” ಏಳುವಾಗ ಅವಳು ನಮ್ಮ ಕಂಬವನ್ನು ಹಿಡಿದುಕೊಂಡು ಎದ್ದಳು. ಹೋಗುವ ಮುಂಚೆ “ಶೀತಕ್ಕೆ ಮೆಣಸಿನ ಕಷಾಯ ಕುಡೀರಿ, ಬೆಲ್ಲ ಜಾಸ್ತಿ ಹಾಕ್ಬೇಡಿ” ಅಂತ ಅತ್ತುಕೊಂಡೇ ಹೇಳಿ ಹೋದಳು.

ಕಷಾಯ ಕುಡಿದು ಕಂಬಳಿ ಹೊದ್ದು ಕೂತೆ. ಮೂಗು ಇಲ್ಲದವಳಿಗೆ ಪೇಪರಿನಿಂದ ಇನ್ನೇನು ಉಪಯೋಗ? ಹೊತ್ತು ಹೋಗಬೇಕಲ್ಲ ಅಂತ ಕನ್ನಡಕ ಹಾಕಿಕೊಂಡು ಮೂರನೇ ಪುಟ ಓದತೊಡಗಿದೆ. ಕಾಲೇಜಿನಲ್ಲಿ ನಮ್ಮ ಮೇಡಂ ಒಂದು ಬರಹವನ್ನು ಎರಡು ಸಲ ಓದಿಸುತ್ತಿದ್ದರು. ಮೊದಲ ಸಲ, ಇವನ ದನಿ ಹೇಗಿದೆ ಹೇಳಿ ಅನ್ನುತ್ತಿದ್ದರು. ಎರಡನೇ ಸಲ, ಇವನಿಗೆ ಏನಾಗಬೇಕಾಗಿದೆ ಹೇಳಿ ಅನ್ನುತ್ತಿದ್ದರು. ಎರಡಕ್ಕೂ ಒಂದೇ ಉತ್ತರ ಬರೆದವರಿಗೆ ಸೊನ್ನೆ. ನಾನು ಎರಡು ಸಲ ಓದಿದೆ. ಮೊದಲ ಸಲ ನಗು ತಡೆಯಲಾರದೆ ಕೆಮ್ಮಿದೆ. ಎರಡನೇ ಸಲ ಕನ್ನಡಕ ತೆಗೆದು ಒರೆಸಿಕೊಂಡೆ. ಬರೆದವರು ಯಾರು ಅಂತಲೂ ಗೊತ್ತಾಗಿಹೋಯಿತು. ಗೊತ್ತಾಗದೆ ಏನು, ಅವರು ನಮ್ಮ ಪಕ್ಕದ ಮನೆಯವರೇ.

ಚಿದಂಬರಯ್ಯನವರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಇಡೀ ತಾಲ್ಲೂಕನ್ನು ಅಳೆದು ಬಂದ ಆ ಮನುಷ್ಯನಿಗೆ ಅಕ್ಕಿಗೆ ಎಷ್ಟು ನೀರು ಅಂತ ಮಾತ್ರ ತಿಳಿಯಲಿಲ್ಲ. ಕೆಲಸಕ್ಕೆ ಸೇರಿದ ವರ್ಷದಿಂದ ಎರಡು ಹೊತ್ತೂ ಮುದ್ದಕ್ಕನ ಮನೆಯಲ್ಲೇ ಊಟ. ಗುರುವಾರದಿಂದ ಅವರು ಆ ಬೀದಿಯ ಕಡೆ ಹೋಗಿರಲಿಲ್ಲ. ಅವರ ಹಿತ್ತಿಲ ಗೋಡೆಯ ಮೇಲೆ ತಳ ಸೀದ ಪಾತ್ರೆಯೊಂದು ದಿನವೂ ನೆನೆಯುತ್ತ ಕೂತಿರುತ್ತಿತ್ತು. ಹಾಲಿನ ಗೌರಮ್ಮ ಹೋಗುತ್ತ ಬರುತ್ತ ಅದನ್ನು ತಿಕ್ಕಿ ಬೋರಲು ಹಾಕಿ ಹೋಗುತ್ತಿದ್ದಳು. ಅವರಿಗೆ ಹೇಳುತ್ತಿರಲಿಲ್ಲ, ಅವರು ಪಾತ್ರೆ ತಾನೇ ಶುದ್ಧವಾಯಿತು ಅಂತ ತಿಳಿದಿದ್ದರೋ ಏನೋ.

ಶನಿವಾರ ಮಧ್ಯಾಹ್ನ ಗೋಡೆಯ ಈಚೆಯಿಂದ ಕೇಳಿದೆ: “ಊಟಕ್ಕೆ ಹೋಗಲಿಲ್ವೆ?” “ಹೊಟ್ಟೆ ಸರಿಯಿಲ್ಲ” ಅಂದರು. ಕೈಯಲ್ಲಿ ಬಾಳೆಹಣ್ಣು ಇತ್ತು. ಸುತ್ತ ನೋಡಿ ಮೆಲ್ಲಗೆ ಹೇಳಿದೆ, “ಚಿದಂಬರಯ್ಯನವರೇ, ನಾನು ಓದಿದೆ.” “ಏನನ್ನ?” “ಮೂರನೇ ಪುಟ.” ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ನಿಧಾನವಾಗಿ ಇನ್ನೇನೋ ಆಯಿತು ಆ ಮುಖಕ್ಕೆ. “ಓದಿದ್ರಾ? ಪೂರ್ತಿ?” “ಎರಡು ಸಲ.” ಅವರು ಗೋಡೆಗೆ ಹತ್ತಿರ ಬಂದರು. “ಹೇಗಿದೆ?” ಅಂದರು. ತಲೆಯ ಮೇಲೆ ಕತ್ತಿ ತೂಗುತ್ತಿರುವಾಗ ಮನುಷ್ಯ ಕೇಳುವ ಪ್ರಶ್ನೆಯೇ ಇದು? ಆದರೂ ಹೇಳಬೇಕಾದ್ದನ್ನು ಹೇಳಿದೆ: “ಸಾರಿನ ಮಾತು ಬಹಳ ಚೆನ್ನಾಗಿದೆ.” “ಹೌದಾ? ಹಪ್ಪಳದ್ದು?” “ಅದೂನೂ.” ಅವರಿಗೆ ಖುಷಿಯಾಯಿತು, ತಕ್ಷಣ ನಾಚಿಕೆಯೂ ಆಯಿತು. “ಸಿಟ್ಟಿನಲ್ಲಿ ಬರೆದೆ ಅಮ್ಮ. ಅವತ್ತು ಸಾರು ಬಾಯಿಗೆ ಇಟ್ಟವನಿಗೆ ಕಣ್ಣಲ್ಲಿ ನೀರು ಬಂತು. ಖಾರಕ್ಕಲ್ಲ. ಮನೆಗೆ ಬಂದವನೇ ಬರೆದೆ. ಇಷ್ಟು ಘಾಟು ಬರುತ್ತೆ ಅಂತ ಗೊತ್ತಿರಲಿಲ್ಲ. ಕೇಡು ಅಂತಾದರೆ ನಾನು ಎಲ್ಲಿಗೆ ಹೋಗಲಿ ಹೇಳಿ. ಒಳಿತು ಅಂತಾದರೆ ಮುದ್ದಕ್ಕ ಬಾಗಿಲು ಹಾಕ್ತಾಳಂತೆ. ಆಗಲೂ ನನಗೆ ಊಟ ಇಲ್ಲ, ಊರಿಗೂ ಇಲ್ಲ.” ನನಗೂ ಬೇರೆ ದಾರಿ ಕಾಣುತ್ತಿರಲಿಲ್ಲ. “ನಾನು ಸುಳ್ಳು ಹೇಳೋದಿಲ್ಲ. ಹೆಸರು ಬಾಯಿ ಬಿಡೋದೂ ಇಲ್ಲ. ನೀವು ಕಟ್ಟೆಗೆ ಬಂದು ಹಿಂದೆ ಕೂತುಕೊಳ್ಳಿ, ಏನೇ ಆದರೂ ಬಾಯಿ ಮಾತ್ರ ತೆಗೀಬೇಡಿ” ಅಂದೆ.

ಭಾನುವಾರ ಬೆಳಿಗ್ಗೆ ಕುದುರೆ ಲಾಯದ ಮುಂದೆ ಜನ ಸೇರಿದರು. ಬಸ್ಸಿನವರು ಬಸ್ಸನ್ನೇ ತಂದು ನಿಲ್ಲಿಸಿ ಅದರ ಮೇಲೆ ಹತ್ತಿ ಕೂತಿದ್ದರು. ಸಂಪಾದಕ ಧರಣೇಂದ್ರಯ್ಯನವರು ಹೊಸ ಪ್ರತಿಯೊಂದನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದರು, ಬೇರೆ ವಾಸನೆ ಹತ್ತದಿರಲಿ ಅಂತ. ಮುದ್ದಕ್ಕ ಬಿಸಿಲಿನಲ್ಲಿ ನಿಂತಿದ್ದಳು. ಗೌಸ್ ಸಾಹೇಬರು ತಮ್ಮ ಚಾಪೆಯನ್ನು ಆಚೆ ಸರಿಸಿ ಅವಳಿಗೆ ಜಗಲಿಯ ಮೇಲೆ ನೆರಳಿನಲ್ಲಿ ಜಾಗ ಬಿಟ್ಟುಕೊಟ್ಟರು.

ಮೊದಲು ಸಾಹೇಬರು ಮೂಸಿದರು. ಕಣ್ಣಿನಲ್ಲಿ ನೀರು ಬಂತು, ಒರೆಸಿಕೊಂಡು, “ಮೆಣಸಿನಕಾಯಿ. ಬ್ಯಾಡಗಿಯದಲ್ಲ, ಗುಂಟೂರಿನದು. ಸಿಟ್ಟು ಖರೇನೇ ಇದೆ” ಅಂದರು. ಬೋರಲಿಂಗಯ್ಯನವರು ಒಂದು ಚಿಟಿಕೆ ನಶ್ಯ ಏರಿಸಿ, ಮೂಸಿ, ಜೋರಾಗಿ ಸೀನಿ, “ಕೇಡು!” ಅಂದರು. ಬಸ್ಸಿನ ಮೇಲಿಂದ ಒಬ್ಬ ಕೂಗಿದ, “ಅಯ್ಯೋ ತಾತ, ಅದು ನಿಮ್ಮ ನಶ್ಯದ ಸೀನು!” “ಎಲಾ, ನಮ್ಮಪ್ಪ ಸೀನಿದರೂ ತೀರ್ಪೇ ಆಗ್ತಿತ್ತು ಕಣೋ” ಅಂದರು ಅವರು. ಜನ ನಕ್ಕರು. ಮುದ್ದಕ್ಕ ನಗಲಿಲ್ಲ.

ನನ್ನ ಸರದಿ. ಎದ್ದು ನಿಂತು, “ನನಗೆ ಮೂಗು ಕಟ್ಟಿದೆ. ಅದಕ್ಕೆ ಓದಿದೆ” ಅಂದೆ. ಗುಜುಗುಜು ಶುರುವಾಯಿತು. “ಓದಿದರಂತೆ!” “ಮೂಗಿನ ಕಟ್ಟೇಲಿ ಓದೋದೇ?” “ಹೇಳ್ಲಿಲ್ವಾ ನಾನು, ಬಿ.ಎ. ಅಂತ!” ಸಂಪಾದಕರೂ ಗಾಬರಿಯಾಗಿ, “ಒಳಗೆ ಏನಾದ್ರೂ ಅಚ್ಚಿನ ತಪ್ಪಿದೆಯಾ?” ಅಂದರು. ಪಾಪ, ಅವರೂ ಓದಿರಲಿಲ್ಲ. ನಾನು ಬೋರಲಿಂಗಯ್ಯನವರ ಕಡೆ ತಿರುಗಿ ಕೇಳಿದೆ: “ಮಗು ಬಾವಿಯ ಹತ್ತಿರ ಹೋಗ್ತಾ ಇರುತ್ತೆ. ತಾಯಿ ನೋಡಿ ಕಿರುಚಿ ಬೈದು ಒಂದು ಏಟೂ ಹಾಕ್ತಾಳೆ. ಅವಳು ಆಗ ಒಂದು ಚೀಟಿ ಬರೆದರೆ ಯಾವ ವಾಸನೆ ಬರುತ್ತೆ?” “ಮೆಣಸಿನಕಾಯಿ.” “ಕೇಡೋ?” ಅವರು ನಶ್ಯದ ಡಬ್ಬಿಯನ್ನು ತೆಗೆದರು, ಮುಚ್ಚಿದರು. “ಓದಿ ನೋಡೋಣ” ಅಂದರು.

ಓದಿದೆ. “ಮುದ್ದಕ್ಕನ ಊಟದ ಮನೆಯಲ್ಲಿ ಈಗಲೂ ಬೇಳೆ ಸಾರು ಕೊಡುತ್ತಾರೆ. ಬೇಳೆ ಒಂದು ಕಡೆ ಇರುತ್ತದೆ, ಸಾರು ಒಂದು ಕಡೆ ಇರುತ್ತದೆ, ಇಬ್ಬರಿಗೂ ಪರಿಚಯವಿಲ್ಲ.” ಬಸ್ಸಿನ ಮೇಲೆ ಯಾರೋ ಹೊಟ್ಟೆ ಹಿಡಿದುಕೊಂಡರು. “ಹಪ್ಪಳವನ್ನು ಮುರಿಯಬೇಕಾಗಿಲ್ಲ. ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ಯಬಹುದು.” ನರ್ಸುಗಳು ಒಬ್ಬರ ಭುಜದ ಮೇಲೊಬ್ಬರು ಬಿದ್ದರು. ಎಲ್ಲರೂ ಆ ಹಪ್ಪಳ ತಿಂದವರೇ. “ಮುದ್ದಕ್ಕ ಈಗ ಕುರ್ಚಿಯ ಮೇಲಿದ್ದಾರೆ. ಆ ಕುರ್ಚಿ ಬಾಗಿಲ ಕಡೆ ತಿರುಗುತ್ತದೆ, ಬೀದಿಯ ಕಡೆ ತಿರುಗುತ್ತದೆ. ಅಡುಗೆಮನೆಯ ಕಡೆ ತಿರುಗಿದ್ದನ್ನು ಮಾತ್ರ ಕಂಡವರಿಲ್ಲ.” ನಗುತ್ತಿದ್ದವರು ಮುದ್ದಕ್ಕನ ಮುಖ ನೋಡಿ ತಟ್ಟನೆ ನಿಲ್ಲಿಸಿದರು. ಅವಳು ಕೆಂಪಗಾಗಿದ್ದಳು. ನಾನು ನಿಲ್ಲಿಸಲಿಲ್ಲ. “ಮೊದಲು ಬಡಿಸುವವರು ಇನ್ನಷ್ಟು ಹಾಕಲೇ ಎನ್ನುತ್ತಿದ್ದರು. ಈಗ ಸಾಕಲ್ಲವೇ ಎನ್ನುತ್ತಾರೆ. ಸಾಕಲ್ಲವೇ ಎಂದು ಕೇಳಿದರೆ ಹಸಿದವನೂ ಹೌದು ಎಂದುಬಿಡುತ್ತಾನೆ.” ಈ ಸಲ ಯಾರೂ ನಗಲಿಲ್ಲ.

“ಇನ್ನೂ ಇದೆಯಾ?” ಅಂದಳು ಮುದ್ದಕ್ಕ, ಹಲ್ಲು ಕಚ್ಚಿಕೊಂಡು. “ಕೊನೆಯದು ಸ್ವಲ್ಪ ಇದೆ” ಅಂದೆ. “ಈ ಊರಿನಲ್ಲಿ ಒಲೆ ಹಚ್ಚಲು ಬಾರದವರು, ಹಚ್ಚಿದರೂ ಎದುರಿಗೆ ಕೂತು ಉಣ್ಣುವವರಿಲ್ಲದವರು ಬಹಳ ಜನ ಇದ್ದೇವೆ. ನಮಗೆ ಅದು ಹೋಟೆಲಲ್ಲ. ಜ್ವರ ಬಂದವನ ಮುಖ ನೋಡಿ, ಕೇಳದೆಯೇ ಅನ್ನದ ಬದಲು ಗಂಜಿ ತಂದಿಟ್ಟ ಕೈ ಅಲ್ಲಿತ್ತು. ಆ ಕೈ ಸೌಟು ಬಿಟ್ಟಿದೆ. ಹೊಟ್ಟೆ ತುಂಬುತ್ತಿದೆ, ಊಟ ಆಗುತ್ತಿಲ್ಲ. ದಯವಿಟ್ಟು ಯಾರಾದರೂ ಹೋಗಿ ಅವರಿಗೆ ಹೇಳಿ. ನನಗೆ ಧೈರ್ಯ ಸಾಲದು.” ಪೇಪರ್ ಮಡಿಸಿದೆ. ಗೌಸ್ ಸಾಹೇಬರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೊಮ್ಮೆ, ಈ ಸಲ ಪುಟದ ಕೆಳಗಿನ ತುದಿಯನ್ನು ಮಾತ್ರ, ಬಹಳ ಹೊತ್ತು ಮೂಸಿದರು. “ಮೆಣಸಿನಕಾಯಿ ಅಡಿಯಲ್ಲಿ ಬೂದಿ ಇದೆ. ಘಾಟಿನಲ್ಲಿ ನನಗೆ ಸಿಕ್ಕಿರಲಿಲ್ಲ” ಅಂದರು. ಅಂಥ ಮೂಗಿನವರು ಎಲ್ಲರೆದುರು ಹಾಗೆ ಅನ್ನುವುದು ಸಣ್ಣ ಮಾತಲ್ಲ.

ಮುದ್ದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಗಂಜಿ ಯಾರಿಗೆ ಕೊಟ್ಟಿಲ್ಲ ನಾನು? ಅರ್ಧ ಊರಿಗೆ ಕೊಟ್ಟಿದೀನಿ. ಅದಿರ್ಲಿ. ಸಾರಿನ ಮಾತು ತೆಗೀತಾರಲ್ಲ, ಸಾರಿಗೇನಾಗಿತ್ತು? ಅಂಗಡಿಯವನು ಹಳೇ ಬೇಳೆ ಕಳಿಸಿದ್ದ. ಎಷ್ಟು ಬೇಯಿಸಿದರೂ ಬೇಯ್ಲಿಲ್ಲ. ಅದಕ್ಕೆ ನಾನೇನು ಮಾಡ್ಲಿ?” ಹಿಂದಿನಿಂದ ಒಂದು ದನಿ ಬಂತು: “ಹಳೇ ಬೇಳೆ ಆದರೆ ಮುಂಚೇನೇ ನೆನೆಹಾಕಬೇಕು! ನೀವೇ ತಾನೇ ಹೇಳಿಕೊಟ್ಟಿದ್ದು!”

ಊರಿಗೆ ಊರೇ ಹಿಂದೆ ತಿರುಗಿತು. ಚಿದಂಬರಯ್ಯನವರು ಎದ್ದು ನಿಂತಿದ್ದರು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು, ಮಾತು ಹೊರಗೆ ಬಂದಾದ ಮೇಲೆ. ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. ಸಂಪಾದಕರು ಆಕಾಶ ನೋಡತೊಡಗಿದರು.

“ನೀವಾ?” ಅಂದಳು ಮುದ್ದಕ್ಕ. ಅದೊಂದು ಮಾತಿನಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. “ನಾನು ನಮ್ಮ ಎದುರಿನ ಅಂಗಡಿಯವನು ಇರಬೇಕು ಅಂತ ಮೂರು ದಿನದಿಂದ ಅವನಿಗೆ ಶಾಪ ಹಾಕ್ತಿದೀನಿ. ನೀವಾ ಅಯ್ಯೋರೇ?” ಅವರು ತಲೆ ತಗ್ಗಿಸಿದರು. “ಹೌದು. ಸಾರಿನದು, ಹಪ್ಪಳದ್ದು ಬರೆದದ್ದು ನಿಜ. ಕುರ್ಚಿಯದೂ ನಿಜ.” “ಕುರ್ಚಿಯದು ನಿಜ ಅಲ್ಲ!” ಮುದ್ದಕ್ಕನ ದನಿ ಒಡೆಯಿತು. “ಜಂಬಕ್ಕೆ ತಂದೆ ಅಂದ್ಕೊಂಡ್ರಾ? ಮಂಡಿ ಹೋಗಿದೆ ನಂದು. ಒಲೆ ಮುಂದೆ ಕೂತರೆ ಇಬ್ಬರು ಹಿಡಿದು ಎತ್ತಬೇಕು. ಕುರ್ಚಿ ತಿರುಗಿದರೆ ನಾನು ತಿರುಗೋದು ತಪ್ಪುತ್ತೆ ಅಂತ ತಂದಿದ್ದು. ದಿನಾ ಎರಡು ಹೊತ್ತು ನನ್ನ ಮುಂದೆ ಚೀಟಿ ತಗೊಂಡು ಹೋಗ್ತಿದ್ರಲ್ಲ, ಒಂದು ದಿನ ಕೇಳಿದ್ರಾ? ಏನಮ್ಮಾ ಯಾಕೆ ಒಳಗೆ ಬರ್ತಿಲ್ಲ ಅಂತ?” ಚಿದಂಬರಯ್ಯನವರು “ಇಲ್ಲ” ಅಂದರು. ಅಷ್ಟೇ ಅಂದರು. ನಾನೂ ಮನಸ್ಸಿನಲ್ಲೇ ಇಲ್ಲ ಅಂದುಕೊಂಡೆ. ಗುರುವಾರ ಅವಳು ನಮ್ಮ ಕಂಬ ಹಿಡಿದು ಎದ್ದದ್ದನ್ನು ನೋಡಿಯೂ ನಾನು ಕೇಳಿರಲಿಲ್ಲ.

ಜನ ನಮ್ಮ ಮೂವರ ಕಡೆ ನೋಡಿದರು. ಬೋರಲಿಂಗಯ್ಯನವರು ನನ್ನ ಕಿವಿಯಲ್ಲಿ, “ನೀವೇ ಹೇಳ್ಬಿಡಿ ಕಮಲಾಕ್ಷಮ್ಮೋರೆ, ನಾನು ಮಧ್ಯಾಹ್ನ ಅಲ್ಲೇ ಊಟಕ್ಕೆ ಹೋಗೋನು” ಅಂದರು. ನಾನು ಎದ್ದೆ. “ಬರೆದವರ ದನಿಯಲ್ಲಿ ಸಿಟ್ಟಿದೆ. ಅದನ್ನು ಇಲ್ಲ ಅನ್ನೋಕಾಗಲ್ಲ, ಇಬ್ಬರು ಮೂಸಿದ್ದಾರೆ. ಆದರೆ ಸಿಟ್ಟು ಹೇಗೆ ಮಾತಾಡಿದರು ಅನ್ನೋದನ್ನ ಹೇಳುತ್ತೆ, ಯಾಕೆ ಮಾತಾಡಿದರು ಅನ್ನೋದನ್ನ ಹೇಳೋದಿಲ್ಲ. ಮುದ್ದಕ್ಕನ ಅಂಗಡಿ ಮುಚ್ಚಲಿ ಅಂತ ಬರೆದವರು ಅವಳು ವಾಪಸ್ ಒಳಗೆ ಬರಲಿ ಅಂತ ಮುಗಿಸೋದಿಲ್ಲ. ಇದು ಒಳಿತು. ಆದರೆ ಬರೆಯೋಕೆ ಮುಂಚೆ ಮಂಡಿ ಹೇಗಿದೆ ಅಂತ ಕೇಳಬೇಕಿತ್ತು. ಅದನ್ನೂ ತೀರ್ಪಿನಲ್ಲಿ ಸೇರಿಸಿಕೊಳ್ಳಿ.” ಗೌಸ್ ಸಾಹೇಬರು ತಲೆಯಾಡಿಸಿದರು. ಬೋರಲಿಂಗಯ್ಯನವರು “ಒಳಿತು” ಅಂದು, ಈ ಸಲ ಸೀನು ಬರದಂತೆ ಮೂಗು ಹಿಡಿದುಕೊಂಡರು.

ಇನ್ನು ಮುದ್ದಕ್ಕ “ಒಪ್ಪಿದೆ” ಅನ್ನಬೇಕು. ಎಲ್ಲರೂ ಕಾದರು. ಅವಳು ಚಿದಂಬರಯ್ಯನವರನ್ನು ನೋಡಿದಳು, ನನ್ನನ್ನು ನೋಡಿದಳು, ಸೊಂಟದ ಸೆರಗು ಬಿಚ್ಚಿ ಹೊದ್ದುಕೊಂಡಳು. “ಒಪ್ಪಿದೆ” ಅನ್ನದೆಯೇ ಜಗಲಿಯ ಅಂಚು ಹಿಡಿದು ಇಳಿದು ಹೊರಟೇಹೋದಳು. ಸ್ವಲ್ಪ ಹೊತ್ತಿಗೆ ಬಸ್ಸಿನವನೊಬ್ಬ ಓಡಿ ಬಂದ: “ಹಸಿರು ಬಾಗಿಲು ಹಾಕಿದೆ! ಒಳಗಿಂದ ಅಗಳಿ!”

ಮಧ್ಯಾಹ್ನದ ಹೊತ್ತಿಗೆ ಊರಿನ ಸ್ಥಿತಿ ನೋಡುವ ಹಾಗಿರಲಿಲ್ಲ. ನರ್ಸುಗಳು ಬನ್ನು ಹಂಚಿಕೊಂಡು ತಿಂದರು. ಕಂಡಕ್ಟರ್ ಒಬ್ಬ ಪ್ರಯಾಣಿಕರ ಬುತ್ತಿಯ ಕಡೆ ನೋಡುತ್ತ ಟಿಕೆಟ್ ಹರಿದನಂತೆ. ಬೋರಲಿಂಗಯ್ಯನವರು ನಮ್ಮ ಮನೆಗೆ ಬಂದು, ನೆಗಡಿ ಹೇಗಿದೆ ಅಂತ ವಿಚಾರಿಸಿ, “ಏನಡುಗೆ?” ಅಂದರು. ಅವರಿಗೆ ಗೊಜ್ಜು ಅನ್ನ ಬಡಿಸಿದೆ. ನಡುವೆ ತಲೆಯೆತ್ತಿ, “ಅವರಿಗೆ?” ಅಂತ ಪಕ್ಕದ ಮನೆಯ ಕಡೆ ಕಣ್ಣು ತೋರಿಸಿದರು. ನಾನು ಕರೆದು ಬಂದಿದ್ದೆ. ಚಿದಂಬರಯ್ಯನವರು, “ಬೇಡಮ್ಮ. ನನ್ನಿಂದ ಇಷ್ಟು ಜನ ಉಪವಾಸ ಇರುವಾಗ ನನಗೊಬ್ಬನಿಗೆ ಊಟ ಇಳಿಯಲ್ಲ” ಅಂದಿದ್ದರು. ತೀರ್ಪು ಅವರ ಪರವಾಗಿಯೇ ಆಗಿತ್ತು. ಆದರೂ ಹಿಂದೆ ಸೀಬೆಹಣ್ಣು ತಿಂದುಕೊಂಡಿದ್ದು ಊರು ಬಿಟ್ಟನಲ್ಲ, ಅವನ ಹಾಗೆಯೇ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು.

ಬೋರಲಿಂಗಯ್ಯನವರು ಕೈತೊಳೆದು ಹೋದ ಮೇಲೆ ನಾನು ಹಿತ್ತಿಲಿಗೆ ಬಂದೆ. ಹಿಂದಿನ ಓಣಿಯಲ್ಲಿ ಯಾರೋ ಬರುತ್ತಿದ್ದರು, ಒಂದು ಕೈಯಿಂದ ಗೋಡೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಂತು. ಮುದ್ದಕ್ಕ. ಮುಖವೆಲ್ಲ ಬೆವರು, ಕಣ್ಣು ಹೊಗೆಗೆ ಕೆಂಪು, ಸೀರೆಯ ಮೇಲೆ ಅರಿಶಿನದ ಬೆರಳ ಗುರುತು. ಒಬ್ಬಳೇ ಒಳಗಿಂದ ಅಗಳಿ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು ಅಂತ ಕಾಣುತ್ತದೆ, ಹೇಗೆ ಎದ್ದಳೋ. ಚಿದಂಬರಯ್ಯನವರು ಅವಳನ್ನು ನೋಡಿ ಎದ್ದು ನಿಂತರು. “ಮುದ್ದಕ್ಕ, ಮಂಡಿ—” ಅಂದರು. ಅವಳು ಸೆರಗಿನಡಿಯಿಂದ ಬಟ್ಟೆ ಸುತ್ತಿದ ಬಿಸಿ ಡಬ್ಬಿಯನ್ನು ತೆಗೆದು, ತಳ ಕೈ ಸುಡದಂತೆ ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿ, ಅವರ ಎರಡು ಕೈಗಳ ನಡುವೆ ಇಟ್ಟಳು.